‘ಬ್ಯಾಡ’ ಅನ್ನಲು ಬಾರದ ಚಿಕ್ಕಮಾದು ನರಸೀಪುರದ ಸಿಗ್ನಲ್ ದಾಟಿದ್ದು

ನಂಜನಗೂಡು ಪಕ್ಕದ ಹೆಡತಲೆಯ ಚಿಕ್ಕಮಾದುವಿಗೆ ಕಣ್ಣು ಕಾಣುವುದಿಲ್ಲ ಎನ್ನುವುದು ಅವನ ವಿಷಯದಲ್ಲಿ ಜನ ಮೊದಲು ಹೇಳುವ ಮಾತು. ಅದೇನೂ ಅವನ ದೊಡ್ಡ ತೊಂದರೆಯಲ್ಲ. ದೊಡ್ಡ ತೊಂದರೆ ಬೇರೆ ಇತ್ತು. ಯಾರು ಏನು ಕೇಳಿದರೂ, ಏನು ಕೊಟ್ಟರೂ, ಎಲ್ಲಿಗೆ ಎಳೆದರೂ ‘ಬ್ಯಾಡ’ ಅನ್ನಲು ಅವನಿಗೆ ಬರುತ್ತಿರಲಿಲ್ಲ. ಹುಟ್ಟಿದ ದಿನ ಸೂಲಗಿತ್ತಿ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ, ಸಾಕು ಅನ್ನಲು ಗೊತ್ತಾಗದೆ ಇಡೀ ಚೊಂಬು ಕುಡಿದ ಕೂಸು ಅದು ಎಂದು ಅವನ ಅಕ್ಕ ಚಿಕ್ಕಮಾದಮ್ಮ ಈಗಲೂ ಹೇಳುತ್ತಾಳೆ. ಮನೆದೇವರ ಹೆಸರನ್ನು ಅಕ್ಕನಿಗೂ ಇಟ್ಟು ತಮ್ಮನಿಗೂ ಇಟ್ಟರಲ್ಲ, ಆಗಲೂ ಅವನು ಬ್ಯಾಡ ಅನ್ನಲಿಲ್ಲ. ನಾಲ್ಕನೇ ವಯಸ್ಸಿಗೆ ಒಂದು ಜ್ವರ ಬಂದು, ಹೋಗುವಾಗ ಎರಡು ಕಣ್ಣನ್ನೂ ಕೇಳಿತು. ಅದಕ್ಕೂ ಇಲ್ಲ ಅನ್ನದೆ ಕೊಟ್ಟು ಕಳಿಸಿದ.

ಕಣ್ಣು ಹೋದ ಮೇಲೆ ಅವನ ಕಿವಿ ಎಷ್ಟು ಚುರುಕಾಯಿತೆಂದರೆ, ನಂಜನಗೂಡಿನ ಅಂಗಡಿಯಲ್ಲಿ ರಸಬಾಳೆ ಸಿಪ್ಪೆ ಸುಲಿದರೆ ದೂರದ ತಾಂಡ್ಯದ ಕಾರ್ಖಾನೆಯೊಳಗೆ ಡಬ್ಬ ಪ್ಯಾಕ್ ಮಾಡುತ್ತ ಕೂತ ಚಿಕ್ಕಮಾದುವಿನ ಬಾಯಲ್ಲಿ ನೀರೂರುತ್ತಿತ್ತು ಎಂದು ಹೆಡತಲೆಯವರು ಹೇಳುತ್ತಾರೆ. ಹೆಡತಲೆಯವರ ಮಾತನ್ನು ನಂಬಬಾರದು. ಅವನ ಕಿವಿ ಎಲ್ಲರ ಕಿವಿಯ ಹಾಗೇ ಇತ್ತು. ಬೇರೆಯವರು ಅದನ್ನು ಕನ್ನಡಕ ಸಿಕ್ಕಿಸಲು ಇಟ್ಟುಕೊಂಡಿದ್ದರು, ಇವನು ಕೇಳಲು ಇಟ್ಟುಕೊಂಡಿದ್ದ, ಅಷ್ಟೇ.

ಮೈಸೂರಿನಲ್ಲಿ ಓದುವಾಗ ಗಂಗಾಧರಸ್ವಾಮಿ ಅನ್ನುವ ಮೇಷ್ಟ್ರೊಬ್ಬರು ಅವನಿಗೆ ರಸ್ತೆ ದಾಟುವ ವಿದ್ಯೆ ಹೇಳಿಕೊಟ್ಟಿದ್ದರು. ಅವರಿಗೂ ಕಣ್ಣಿರಲಿಲ್ಲ, ಹಾಗಾಗಿ ಅನುಭವದ ಪಾಠ.

“ದೀಪ ನೋಡಿ ದಾಟೋದು ಅವರ ಪಾಡು. ನಮಗೆ ಎಂಜಿನ್ನೇ ದೀಪ ಕಣಯ್ಯ” ಅನ್ನುತ್ತಿದ್ದರು ಮೇಷ್ಟ್ರು. “ನಿನ್ನ ಮೂಗಿನ ಮುಂದೆ ಅಡ್ಡಡ್ಡ ಓಡೋ ಗಾಡಿಗಳೆಲ್ಲ ನಿಂತು ಗುರ್ ಗುರ್ ಅಂತಿರಬೇಕು. ಅದೇ ಹೊತ್ತಿಗೆ ನಿನ್ನ ಪಕ್ಕದಲ್ಲಿರೋ ಗಾಡಿಗಳು, ನೀನು ಹೋಗೋ ದಿಕ್ಕಿಗೇ, ಭರ್ ಅಂತ ಹೊರಡಬೇಕು. ಆ ಭರ್ ಅನ್ನೋದೇ ನಿನ್ನ ಹಸಿರು ದೀಪ. ಅದನ್ನ ಪಕ್ಕದಲ್ಲಿ ಗೋಡೆ ಥರ ಇಟ್ಕೊಂಡು ನೆಟ್ಟಗೆ ನಡಿ. ಗೋಡೆ ಹತ್ರ ಬಂದ್ರೆ ಸ್ವಲ್ಪ ಸರಿ, ದೂರ ಹೋದ್ರೆ ಸ್ವಲ್ಪ ಸೇರು. ಆಚೆ ದಡ ತಾನಾಗೇ ಸಿಗುತ್ತೆ.”

ಇಷ್ಟು ವಿದ್ಯೆ ಕಲಿತು ಬಂದವನು ನಂಜನಗೂಡಿನಲ್ಲಿ ಒಂದೇ ಒಂದು ರಸ್ತೆಯನ್ನೂ ತಾನಾಗಿ ದಾಟಿರಲಿಲ್ಲ. ಊರು ಬಿಟ್ಟರೆ ತಾನೆ! ಅದು ದೇವರಿರುವ ಊರು, ಜನಕ್ಕೆ ಪುಣ್ಯದ ಮೇಲೆ ಸ್ವಲ್ಪ ಆಸೆ ಜಾಸ್ತಿ. ಪರೀಕ್ಷೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಸೈಟು ನೋಡಲು ಹೋಗುವವರು ಎಲ್ಲರೂ ಚಿಕ್ಕಮಾದುವನ್ನು ಒಂದು ಸಲ ರಸ್ತೆ ದಾಟಿಸಿ ಆಮೇಲೆ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ದೇವಸ್ಥಾನಕ್ಕಾದರೆ ಹಣ್ಣುಕಾಯಿ ತರಬೇಕು, ಕ್ಯೂ ನಿಲ್ಲಬೇಕು. ಚಿಕ್ಕಮಾದುವಾದರೆ ಬೀದಿಯಲ್ಲೇ ಸಿಗುತ್ತಿದ್ದ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಾರ ಒಬ್ಬರು ಅವನನ್ನು ಆಚೆ ಬಿಟ್ಟರೆ ಇನ್ನೊಬ್ಬರು ಈಚೆ ತರುತ್ತಿದ್ದರು. ಅವನು ಓಡಾಡಿದ ರಭಸಕ್ಕೆ ರಸ್ತೆಯ ಬಿಳಿ ಪಟ್ಟೆಗಳೆಲ್ಲ ಚಪ್ಪಲಿಗೆ ಅಂಟಿಕೊಂಡು ಹೆಡತಲೆ ಸೇರಿದವು ಎಂದು ಪೇಂಟು ಬಳಿಯುವವನು ಗೊಣಗುತ್ತಿದ್ದನಂತೆ.

ಒಮ್ಮೆ ಹೀಗಾಯಿತು. ಟೀಗೆ ಹೇಳಿ ಅಂಗಡಿ ಮುಂದೆ ನಿಂತವನನ್ನು ಯಾರೋ ಆಚೆಗೆ ದಾಟಿಸಿದರು. ಆಚೆ ನಿಂತವನನ್ನು, “ಪಾಪ, ಬಸ್ ತಪ್ಪೋಯ್ತದೆ” ಎಂದು ಇನ್ನೊಬ್ಬರು ಗುಂಡ್ಲುಪೇಟೆ ಬಸ್ಸಿಗೆ ಹತ್ತಿಸಿದರು. ಬಸ್ಸಿನಲ್ಲಿ ಸಿಕ್ಕವರು ದಾರಿಯಲ್ಲಿ ಇಳಿಸಿಕೊಂಡು ತಮ್ಮ ಮನೆಯ ನಾಮಕರಣಕ್ಕೆ ಕರೆದೊಯ್ದರು. ಸಂಜೆ ಮನೆಗೆ ಬಂದಾಗ ಕೈಯಲ್ಲಿ ತೆಂಗಿನಕಾಯಿ, ಹೊಟ್ಟೆಯಲ್ಲಿ ಒಬ್ಬಟ್ಟು.

“ಯಾರ್ ಮನೇದ್ಲಾ ಅದು?” ಎಂದು ಕೇಳಿದಳು ಚಿಕ್ಕಮಾದಮ್ಮ.

“ಗೊತ್ತಿಲ್ಲ ಕಣಕ್ಕ. ಮಗೀನ ಕಿವೀಲಿ ಎಸ್ರು ಏಳಕ್ಕೆ ಸೋದರತ್ತೆ ಇನ್ನೂ ಬಂದಿರ್ನಿಲ್ವಂತೆ. ನನ್ ಕೈಲೇ ಏಳುಸುದ್ರು.”

“ನೀನೂ ಏಳ್ದಾ?”

“ಅಷ್ಟ್ ಪಿರೀತಿಯಿಂದ ಕೇಳ್ತಾರೆ. ಬ್ಯಾಡ ಅನ್ನಕ್ಕಾಯ್ತದಾ?”

ಇಂಥ ಚಿಕ್ಕಮಾದುವಿಗೆ ನರಸೀಪುರದಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಶಾಂತಿ. ಹೆಸರಿಗೂ ಅವಳಿಗೂ ಪರಿಚಯವಿರಲಿಲ್ಲ. ಅವಳಿಗೂ ಹುಟ್ಟಿನಿಂದ ಕಣ್ಣಿಲ್ಲ. ಅಲ್ಲೇ ಒಂದು ಸರ್ಕಾರಿ ಕಚೇರಿಯಲ್ಲಿ ಮಾತಾಡುವ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಅವಳು ಒಮ್ಮೆ ಗಂಟಲು ಸರಿ ಮಾಡಿಕೊಂಡರೆ ಸಾಕು, ವರ್ಷಗಟ್ಟಲೆ ಕದಲದ ಫೈಲುಗಳು ತಾವಾಗಿ ಎದ್ದು ಸಾಹೇಬರ ಮೇಜಿಗೆ ನಡೆದುಕೊಂಡು ಹೋಗುತ್ತಿದ್ದವು ಎಂದು ಪ್ರತೀತಿ. ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಚಿಕ್ಕಮ್ಮ ಮುದ್ದಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದಳು.

ಒಂದಷ್ಟು ದಿನ ಇಬ್ಬರೂ ಫೋನಿನಲ್ಲಿ ಮಾತಾಡಿದರು. ಚಿಕ್ಕಮಾದು ಡಬ್ಬ ಪ್ಯಾಕ್ ಮಾಡುತ್ತ ಒಬ್ಬನೇ ನಗುವುದನ್ನು ನೋಡಿ ಕಾರ್ಖಾನೆಯವರಿಗೆ ಮದುವೆ ಊಟದ ವಾಸನೆ ಬಡಿಯಿತು. ಒಂದು ದಿನ ಶಾಂತಿಯೇ ಕೇಳಿದಳು:

“ಹೆಣ್ಣು ನೋಡೋಕೆ ಯಾವಾಗ ಬರ್ತೀರಿ?”

“ನೋಡಕ್ಕೆ ಅಂದ್ರೆ… ಇಲ್ಲಿಂದ್ ನೋಡುದ್ರೂ ಅಷ್ಟೇ ಕಾಣೋದು, ಅಲ್ಲಿಗ್ ಬಂದ್ ನೋಡುದ್ರೂ ಅಷ್ಟೇ ಕಾಣೋದು, ಅಲ್ವರಾ?”

ಅವಳು ನಕ್ಕಳು. ಆ ನಗು ಫೋನಿನಿಂದ ಹೊರಬಿದ್ದು ಹೆಡತಲೆಯ ಕೋಳಿಗಳೆಲ್ಲ ಮಟಮಟ ಮಧ್ಯಾಹ್ನ ಬೆಳಗಾಯಿತೆಂದು ಕೂಗಿದವು. ಆ ನಗುವಿಗೆ ಚಿಕ್ಕಮಾದು ಪೂರ್ತಿ ಸೋತುಹೋದ. ಈ ಹೆಣ್ಣು ಕೈತಪ್ಪಿದರೆ ತಾನಿನ್ನು ಡಬ್ಬದೊಳಗೇ ಕೂತು ಮೇಲೆ ಟೇಪು ಹಚ್ಚಿಸಿಕೊಳ್ಳುವುದು ಎಂದು ನಿಶ್ಚಯ ಮಾಡಿಕೊಂಡ.

“ಒಂದು ಮಾತಿದೆ” ಎಂದಳು ಶಾಂತಿ, ನಗು ನಿಲ್ಲಿಸಿ. “ಮೊದಲು ಬಂದ ಗಂಡುಗಳೂ ನಮ್ಮಂಥವರೇ. ಒಬ್ರು ಅಪ್ಪನ ಕೈ ಹಿಡ್ಕೊಂಡು ಬಂದ್ರು, ಇನ್ನೊಬ್ರು ಭಾವನ ಭುಜ ಹಿಡ್ಕೊಂಡು. ಮದುವೆ ಆದ್ಮೇಲೆ ಇಲ್ಲಿ ನಾವಿಬ್ರೇ ತಾನೆ ಇರೋದು? ಅವರ ಜೊತೆ ಭಾವನಿಗೂ ತಾಳಿ ಕಟ್ಟಿಸ್ಕೋಬೇಕಾ ನಾನು? ನೀವು ಬಸ್ ಸ್ಟ್ಯಾಂಡಿಂದ ಒಬ್ರೇ ಬರಬೇಕು. ಸಿಗ್ನಲ್ ದಾಟಿದ್ರೆ ನಮ್ಮನೆ. ಯಾರಾದ್ರೂ ಕೈ ಹಿಡ್ಕೊಂಡು ತಂದುಬಿಟ್ರೆ ಕಾಫಿ ಕುಡ್ಕೊಂಡು ಹೋಗ್ಬನ್ನಿ. ಮದುವೆ ಮಾತು ಬೇಡ.”

“ಅಷ್ಟೇಯಾ?”

“ಅಷ್ಟೇ. ಕೈ ಹಿಡಿಯೋದು ಮನಸ್ಸು ಬಂದಾಗ ಕಣ್ರೀ. ರಸ್ತೆ ದಾಟೋಕಲ್ಲ.”

ರಸ್ತೆಯ ಬಗ್ಗೆ ಚಿಕ್ಕಮಾದುವಿಗೆ ಒಂದು ಚೂರೂ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಒಳ್ಳೆಯ ಜನರ ಬಗ್ಗೆ. ಕಾರ್ಖಾನೆಯಲ್ಲಿ ಎರಡು ದಿನ ಡಬ್ಬಗಳ ಮುಂದೆ ಕೂತು “ಬ್ಯಾಡ… ಬ್ಯಾಡ ಕಣಣ್ಣ… ನಂಗೆ ಬ್ಯಾಡ” ಎಂದು ಅಭ್ಯಾಸ ಮಾಡಿದ. ಡಬ್ಬಗಳೆಲ್ಲ ಒಪ್ಪಿಕೊಂಡವು. ಅಷ್ಟರಲ್ಲಿ ಸೂಪರ್‌ವೈಸರ್ ಬಂದು, “ಏನ್ ಮಾದು, ಇವತ್ತು ಓಟಿ ಮಾಡ್ತೀಯಾ?” ಎಂದರು. “ಆಯ್ತು ಸಾ” ಎಂದ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಡಚುವ ಬಿಳಿ ಕೋಲು ಹಿಡಿದು, ನಂಜನಗೂಡಿನಲ್ಲಿ ಸುತ್ತೂರು ಮೇಲೆ ಹೋಗುವ ಬಸ್ಸು ಹತ್ತಿದ. ಅಕ್ಕನಿಗೆ ಬರಬೇಡ ಎಂದು ಹೇಳಿಸಿದ್ದು ಪಕ್ಕದ ಮನೆಯವರ ಕೈಲಿ, ಯಾಕೆಂದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಬಸ್ಸು ಸುತ್ತೂರು ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಪರಿಚಯದ ವಾಸನೆಯೊಂದು ಬಂತು.

“ಅಕ್ಕಾ” ಎಂದ, ತಿರುಗದೆ.

“ನಾನ್ ನಿಮ್ಮಕ್ಕ ಅಲ್ಲ ಕಣಪ್ಪ” ಎಂದಿತು ಮೂಗು ಹಿಡಿದುಕೊಂಡ ಒಂದು ದನಿ. “ನಾನು ಕೊಳ್ಳೇಗಾಲದೋಳು. ಫ್ರೀ ಬಸ್ಸು ಅಂತ ಅಂಗೇ ಸುತ್ತಾಡ್ತಾ ಇವ್ನಿ.”

“ಕೊಳ್ಳೇಗಾಲದಲ್ಲೂ ನಮ್ಮನೆ ಉಪ್ಸಾರಿನ್ ಒಗ್ಗರಣೆನೇ ಆಕ್ತಾರಾ?”

ಕೊಳ್ಳೇಗಾಲದವಳು ಮೂಗು ಬಿಟ್ಟಳು. “ನೀನ್ ಅಂಬೆಗಾಲಿಕ್ಕವಾಗಿಂದ ಕೈ ಇಡ್ಕಂಡು ಬಂದಿವ್ನಿ ಕಣ್ಲಾ. ಇವತ್ ಒಂದಿನ ಬಿಡು ಅಂದ್ರೆ ಎಂಗ್ಲಾ ಬುಡ್ಲಿ?”

“ಬಸ್ ಸ್ಟ್ಯಾಂಡಲ್ಲೇ ಕೂತಿರಕ್ಕ. ನಿನ್ ದಮ್ಮಯ್ಯ.”

“ಕೂತಿರ್ತೀನಿ. ಕಣ್ಣಲ್ಲಿ ನೋಡಕ್ಕಾದ್ರೂ ಬುಡ್ತೀಯೋ ಇಲ್ವೋ?”

ಅದಕ್ಕೂ ಅವನು ಬ್ಯಾಡ ಅನ್ನಲಿಲ್ಲ.

ನರಸೀಪುರದ ಬಸ್ ಸ್ಟ್ಯಾಂಡಿನ ಮುಂದಿನ ಸಿಗ್ನಲ್ ಹೊಸದಾಗಿ ಬಂದದ್ದು. ದೀಪಗಳೇನೋ ಬೆಳಗುತ್ತಿದ್ದವು, ಆದರೆ ಬಾಯಿಲ್ಲದ ಸಿಗ್ನಲ್. ದೊಡ್ಡ ಊರುಗಳಲ್ಲಿ ಟಿಕ್ ಟಿಕ್ ಎಂದು ದಾರಿ ಹೇಳುವ ಸಿಗ್ನಲ್ ಇರುತ್ತವಂತೆ, ಇದು ಮೌನವ್ರತ ಹಿಡಿದದ್ದು. ಚಿಕ್ಕಮಾದುವಿಗೆ ಅದರಿಂದ ನಷ್ಟವಿರಲಿಲ್ಲ. ಫುಟ್‌ಪಾತ್ ಕಟ್ಟೆಯ ಅಂಚಿಗೆ ಕೋಲು ತಾಗಿಸಿ ನಿಂತು ಕೇಳಿದ. ಮುಂದೆ ಅಡ್ಡಡ್ಡ ಮೈಸೂರು ರಸ್ತೆ: ಲಾರಿ, ಬಸ್ಸು, ಕಬ್ಬಿನ ಟ್ರಾಕ್ಟರು. ಬಲಕ್ಕೆ, ಅವನು ಹೋಗಬೇಕಾದ ದಿಕ್ಕಿಗೇ, ಹೊಳೆ ಕಡೆ ಹೋಗುವ ರಸ್ತೆ: ಆಟೋಗಳು, ಬೈಕುಗಳು. ಒಂದು ನಿಂತಿತು, ಇನ್ನೊಂದು ಹೊರಟಿತು. ಇನ್ನೊಂದು ನಿಂತಿತು, ಒಂದು ಹೊರಟಿತು. ಆಹಾ! ಮೇಷ್ಟ್ರು ಹೇಳಿದ ಹಾಗೇ ಇದೆ. ಇನ್ನೊಂದು ಸರದಿ ಬಂದರೆ ಹೊರಡುವುದೇ ಎಂದುಕೊಂಡು ಒಂದು ಕಾಲು ಎತ್ತಿದ.

ಆ ಕಾಲು ನೆಲಕ್ಕೆ ಬರುವಷ್ಟರಲ್ಲಿ ಎರಡೂ ಕೈಗಳನ್ನು ಯಾರೋ ಹಿಡಿದಿದ್ದರು.

“ಅಂಕಲ್, ಬನ್ನಿ ಬನ್ನಿ, ನಾವೇ ಕರ್ಕೊಂಡು ಹೋಗ್ತೀವಿ!” ಕಾಲೇಜಿನ ಹುಡುಗಿಯರು, ನಾಲ್ಕಾರು ಜನ. “ಇವತ್ತು ಫ್ರೀ ಕ್ಯಾಂಪ್ ಅಂಕಲ್!”

ಯಾವ ಕ್ಯಾಂಪ್ ಎಂದು ಕೇಳಲು ಪುರುಸೊತ್ತಿಲ್ಲದೆ, ಅವನನ್ನು ಎತ್ತಿದ ಹಾಗೆ ಎದುರಿನ ಸಾಲು ಬಿಟ್ಟು ಬೇರೆಯೇ ಮೂಲೆಗೆ ಒಯ್ದು ಒಂದು ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂರಿಸಿದರು. ಬಾಯಿ ತೆರೆದರೆ ಬಿಸ್ಕತ್ತು ಕೊಟ್ಟರು. ಅವನ ಸರದಿ ಬಂತು.

“ಎದುರಿಗಿರೋ ಬೋರ್ಡ್ ನೋಡಿ, ಮೇಲಿನ ಅಕ್ಷರ ಓದಿ” ಎಂದರು ಡಾಕ್ಟರು.

“ಬೋರ್ಡ್ ಎಲ್ಲೈತೆ ಸಾ?”

“ಗೋಡೆ ಮೇಲೆ.”

“ಗೋಡೆ ಎಲ್ಲೈತೆ ಸಾ?”

ಡಾಕ್ಟರು ಆಗ ತಲೆಯೆತ್ತಿ ಬಿಳಿ ಕೋಲು ನೋಡಿದರು. “ಅಲ್ಲಪ್ಪ, ನೀನ್ಯಾಕೆ ಕಣ್ಣಿನ ಪರೀಕ್ಷೆಗೆ ಬಂದೆ?”

“ನಾನ್ ಎಣ್ ನೋಡಕ್ಕೆ ಬಂದೋನು ಸಾ.”

ಶಾಮಿಯಾನವೆಲ್ಲ ನಕ್ಕು ಅದರ ಒಂದು ಗೂಟ ಕಿತ್ತುಬಂತು. ಹುಡುಗಿಯರು “ಸಾರಿ ಅಂಕಲ್, ಸಾರಿ ಅಂಕಲ್” ಎನ್ನುತ್ತ ಅವನನ್ನು ಹೊರಟ ಜಾಗಕ್ಕೇ ತಂದು ಬಿಟ್ಟರು. ಅಷ್ಟರಲ್ಲಿ ಜೇಬಿನ ಫೋನು ಕೂಗಿತು.

“ಎಲ್ಲಿದ್ದೀರಿ? ಬಸ್ಸು ಬಂದು ಎಷ್ಟೊತ್ತಾಯ್ತು!” ಶಾಂತಿ.

“ಕಣ್ಣಿನ್ ಪರೀಕ್ಷೆಗ್ ಓಗಿದ್ದೆ ಕಣ್ರೀ.”

“ಪಾಸಾದ್ರಾ?”

ಎರಡನೇ ಸಲ ಹುಷಾರಾಗಿರಬೇಕೆಂದು ಕೋಲನ್ನು ಎದೆಗೆ ಅಪ್ಪಿಕೊಂಡು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಹಿಡಿಯಲು ಕೈಯೇ ಸಿಗಬಾರದು, ಅದು ಉಪಾಯ. ಬಾಳೆಮಂಡಿಯ ಒಬ್ಬ ಆಳಿಗೆ ಅದು ಉಪಾಯವಾಗಿ ಕಾಣಲಿಲ್ಲ, ಚಳಿಯಾಗಿ ಕಂಡಿತು. ಒಂದು ಗೊನೆ ಎಡಹೆಗಲಿಗೆ, ಒಂದು ಗೊನೆ ಬಲಹೆಗಲಿಗೆ ಹೊತ್ತು, ಮೂರನೆಯದನ್ನು ಹಲ್ಲಲ್ಲಿ ಕಚ್ಚಿ ಹೋಗುವಂಥ ಮನುಷ್ಯ. “ಬಾ ಅಣ್ಣಾ, ಯಾಕಿಂಗ್ ನಡುಗ್ತಾ ನಿಂತಿದ್ದೀಯೆ” ಎಂದು ಸೊಂಟಕ್ಕೆ ತೋಳು ಹಾಕಿ ಹೊರಟೇಬಿಟ್ಟ. ದೀಪ ಕೆಂಪಿತ್ತೋ ಹಸಿರಿತ್ತೋ, ಅವನಿಗೆ ಲೆಕ್ಕವಿಲ್ಲ. ಅಂಗೈ ತೋರಿಸಿದರೆ ಲಾರಿಗಳು ಮಂಡಿಯೂರಿದವು. “ಅಣ್ಣಾ… ಅದು… ನಂಗೆ…” ಎಂದು ಚಿಕ್ಕಮಾದು ಶುರು ಮಾಡಿದ ಮಾತು ಮುಗಿಯುವಷ್ಟರಲ್ಲಿ ರಸ್ತೆಯೇ ಮುಗಿದಿತ್ತು.

ಬಾಗಿಲಲ್ಲಿ ಮುದ್ದಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಶಾಂತಿ.

“ಗಂಡು ಬಂದ್ರು ಕಣೇ!” ಎಂದಳು ಮುದ್ದಮ್ಮ ಸಡಗರದಿಂದ.

“ಕೇಳಿಸ್ತು ಚಿಕ್ಕಮ್ಮ” ಎಂದಳು ಶಾಂತಿ. “ಕೋಲು ಸೊನ್ನೆ, ಕಾಲು ನಾಲ್ಕು.”

ಚಿಕ್ಕಮಾದುವಿಗೆ ಸೊಂಟದ ಸುತ್ತ ಇದ್ದ ತೋಳು ಹೆಬ್ಬಾವಿನ ಹಾಗೆ ತೂಗಿತು.

“ನಾನೇನ್ ತಪ್ಪ್ ಮಾಡ್ದೆ ತಾಯಿ?” ಎಂದ ಮಂಡಿಯವನು.

“ನೀವು ಮಾಡಿದ್ದು ಪುಣ್ಯ ಅಣ್ಣ. ತಪ್ಪು ಮಾಡಿದ್ದು ಇವರು. ಯಾಕ್ರೀ, ಬೇಡ ಅನ್ನೋಕೆ ಏನಾಗಿತ್ತು?”

“ಬೇಜಾರ್ ಮಾಡ್ಕತಾರೆ ಅಂತ…”

“ನಾಳೆ ಯಾರೋ ಒಬ್ರು ಇನ್ನೊಂದು ಹೆಣ್ಣು ತಂದು ಕಟ್ಟಿದ್ರೂ, ಅವರಿಗೆ ಬೇಜಾರಾಗುತ್ತೆ ಅಂತ ಇಬ್ರನ್ನೂ ಇಟ್ಕೋತೀರಾ? ನಮ್ಮ ಮನೆ ಚಿಕ್ಕದು.” ದನಿ ತಮಾಷೆಯದೇ, ಆದರೆ ತುದಿಯಲ್ಲಿ ಸ್ವಲ್ಪ ಒಡೆದಿತ್ತು. ಅವಳೂ ಬೆಳಗಿನಿಂದ ಸೀರೆ ಮೂರು ಸಲ ಉಟ್ಟು ಬಿಚ್ಚಿ ಕಾದವಳು. “ಒಳಗೆ ಬನ್ನಿ. ಕಾಫಿ ಕುಡೀರಿ.”

ಕಾಫಿ ಕುಡಿದರೆ ಅಲ್ಲಿಗೆ ಮುಗಿಯಿತು ಎಂದು ಚಿಕ್ಕಮಾದುವಿಗೆ ಗೊತ್ತಿತ್ತು. ಮುದ್ದಮ್ಮ ಲೋಟ ಮುಂದೆ ಹಿಡಿದಳು. ಅವನು ಕೈ ಚಾಚಲಿಲ್ಲ. ಅವನ ಆಯುಷ್ಯದಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳದೆ ನಿಂತದ್ದು ಅದೇ ಮೊದಲು.

“ಇನ್ನೊಂದ್ ಸಲ ಬತ್ತೀನಿ ಕಣ್ರೀ” ಎಂದ. “ಒಂದೇ ಒಂದ್ ಸಲ.”

“ಬುಡು ತಾಯಿ, ನಾನೇ ವಾಪಸ್ ಬಿಟ್ಟು ಬತ್ತೀನಿ. ಇದ್ನ ಲೆಕ್ಕಕ್ಕೇ ತಕಬ್ಯಾಡಿ” ಎಂದು ಮಂಡಿಯವನು ಅಂಗಲಾಚಿದ. ಅವನಿಗೆ ಮದುವೆ ಮುರಿದ ಪಾಪ ಹೊತ್ತು ಅಭ್ಯಾಸವಿರಲಿಲ್ಲ.

ಶಾಂತಿ ಯೋಚಿಸಿದಳು. “ಆ ಕಾಫಿ ಆರೋದ್ರೊಳಗೆ ಬರಬೇಕು. ಆರಿದ ಕಾಫಿ ನಾನು ಯಾರಿಗೂ ಕೊಡಲ್ಲ.” ಅವರು ತಿರುಗಿದಾಗ ಹಿಂದಿನಿಂದ ಕೂಗಿದಳು: “ನೋಡಿ, ಎಡಗಡೆ ತಿರುಗೋರು ಸಿಗ್ನಲ್ ಕೇರ್ ಮಾಡಲ್ಲ. ಅದ್ರಲ್ಲೂ ಬ್ಯಾಟರಿ ಸ್ಕೂಟರು ಬೆಕ್ಕಿನ ಥರ ಬರುತ್ತೆ. ಕೋಲು ಮುಂದೆ ಇರ್ಲಿ, ಸುಮ್ನೆ ಎತ್ಕೊಂಡು ಬರೋದಲ್ಲ!”

ಮಂಡಿಯವನು ಅವನನ್ನು ಬಸ್ ಸ್ಟ್ಯಾಂಡಿನ ಅಂಚಿಗೆ ತಂದು ಬಿಟ್ಟ. ಬಿಟ್ಟು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಬಾಳೆಗೊನೆಯ ರೇಟು ಕೂಗಿ ಅಭ್ಯಾಸವಾದ ಗಂಟಲಲ್ಲಿ ಮದುವೆಯ ಸುದ್ದಿಯನ್ನೂ ಕೂಗಿದ. ಹೂವಿನವರು, ಆಟೋದವರು, ಬಸ್ಸಿಗೆ ಕಾದವರು, ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಬಂದು ಸೇರಿದರು. ಕೊಳ್ಳೇಗಾಲದವಳೂ ಎದ್ದು ಬಂದಳು. ಸುದ್ದಿ ಕೊನೆಗೆ ಸಿಗ್ನಲ್ಲಿನ ಪೊಲೀಸಪ್ಪ ಚಂದ್ರಶೇಖರ್‌ನ ಕಿವಿಗೂ ಬಿತ್ತು. ಬಲು ಮೃದು ಮನಸ್ಸಿನ ಮನುಷ್ಯ. ಹೆಲ್ಮೆಟ್ ಇಲ್ಲದವನಿಗೆ ದಂಡ ಹಾಕಿ, ಅವನ ಮುಖ ಸಣ್ಣಗಾದರೆ ತಾನೂ ಸಣ್ಣಗಾಗುವವನು.

“ನಮ್ಮೂರಿಗೆ ಹೆಣ್ಣು ಕೇಳಕ್ಕೆ ಬಂದು ಬರಿಗೈಲಿ ಹೋಗೋದಾ? ನಾನಿರೋವಾಗ?” ಎಂದು ಚಂದ್ರಶೇಖರ್ ಸಿಳ್ಳೆ ಬಾಯಿಗಿಟ್ಟು ಊದಿದ. “ನಾಲ್ಕೂ ಕಡೆ ನಿಲ್ಸಿ! ಎಂಜಿನ್ ಆಫ್! ಒಬ್ರೂ ಅಲ್ಲಾಡಂಗಿಲ್ಲ! ಹೋಗಪ್ಪ ಗಂಡೇ, ರಸ್ತೆ ನಿನ್ನದು!”

ನಿಂತಿತು. ಲಾರಿ ನಿಂತಿತು, ಬಸ್ಸು ನಿಂತಿತು, ಟ್ರಾಕ್ಟರಿನ ಕಬ್ಬು ತೂಗುವುದನ್ನು ನಿಲ್ಲಿಸಿತು. ನಾಯಿ ಅರ್ಧ ಬೊಗಳಿ ಉಳಿದರ್ಧ ಬಾಯಲ್ಲೇ ಇಟ್ಟುಕೊಂಡಿತು. ಸಂಗಮದಲ್ಲಿ ಕಾವೇರಿಯೂ ಕಪಿಲೆಯೂ ಒಬ್ಬರ ಕೈ ಒಬ್ಬರು ಹಿಡಿದು ಒಂದು ಗಳಿಗೆ ಹರಿಯದೆ ನಿಂತರು ಎಂದು ಹೇಳುವವರಿದ್ದಾರೆ.

ಚಿಕ್ಕಮಾದು ಕೆಳಗಿಳಿದ. ಎರಡು ಹೆಜ್ಜೆ ಹಾಕಿದ. ಆಮೇಲೆ ಅವನಿಗೆ ಏನೂ ಇಲ್ಲವಾಯಿತು.

ಮುಂದೆ ಗುರ್ ಗುರ್ ಇಲ್ಲ. ಪಕ್ಕದಲ್ಲಿ ಭರ್ ಇಲ್ಲ. ಗೋಡೆಯಿಲ್ಲ, ದೀಪವಿಲ್ಲ. ಎಲ್ಲಿಂದ ಬಂದೆ, ಎತ್ತ ಮುಖ ಮಾಡಿದ್ದೇನೆ, ಒಂದೂ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಅವನಿಗೆ ಕಣ್ಣು ಕಾಣದೇ ಹೋದದ್ದು ಆ ಗಳಿಗೆಯಲ್ಲಿ ಮಾತ್ರ. ಇನ್ನೊಂದು ಹೆಜ್ಜೆ ಹಾಕಿದ, ಅದು ಓರೆಯಾಯಿತು. “ಆ ಕಡೆ ಅಲ್ಲಪ್ಪ!” “ಎಡಕ್ಕೆ!” “ಯಾರ ಎಡಕ್ಕೆ? ಅವನ್ ಬಲಕ್ಕೆ!” ಎಂದು ಜನ ಕೂಗಿದರು. ನಾಲ್ಕಾರು ಜೊತೆ ಚಪ್ಪಲಿಗಳು ಅವನತ್ತ ಓಡಿಬರುವ ಸದ್ದು ಕೇಳಿತು. ಒಂದು ಕೈ ಆಗಲೇ ತೋಳು ಮುಟ್ಟಿತು. ಉಪ್ಸಾರಿನ ಒಗ್ಗರಣೆಯ ವಾಸನೆಯ ಕೈ.

ಆಚೆ ದಡದಲ್ಲಿ ಕಾಫಿ ಆರುತ್ತಿತ್ತು.

“ಬ್ಯಾಡಾ!”

ಆ ಬ್ಯಾಡ ಸಾಮಾನ್ಯದ್ದಲ್ಲ. ಚೊಂಬಿನ ಸಕ್ಕರೆ ನೀರಿನಿಂದ ಹಿಡಿದು ನಾಮಕರಣದ ಒಬ್ಬಟ್ಟಿನವರೆಗೆ, ಹೇಳಬೇಕಾಗಿದ್ದು ಹೇಳದೆ ಒಳಗೇ ಉಳಿದಿದ್ದ ಬ್ಯಾಡಗಳೆಲ್ಲ ಒಟ್ಟಿಗೆ ಹೊರಬಂದವು. ಸಿಗ್ನಲ್ ಕಂಬದ ಮೇಲಿದ್ದ ಕಾಗೆಗಳು ಎದ್ದು ಸುತ್ತೂರಿಗೆ ಹೋಗಿ ಕೂತವು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಚಿಕ್ಕಮಾದುವೇ.

“ಬ್ಯಾಡ ಕಣಕ್ಕ” ಎಂದ, ಈಗ ಮೆಲ್ಲಗೆ. ಒಗ್ಗರಣೆಯ ಕೈ ತೋಳು ಬಿಟ್ಟಿತು. ಆಮೇಲೆ ಸಿಳ್ಳೆ ಬಂದಿದ್ದ ಕಡೆ ತಿರುಗಿ, “ಸಾ, ತಪ್ಪ್ ತಿಳ್ಕಬ್ಯಾಡಿ. ಎಲ್ಲಾನೂ ನಿಲ್ಸುಬುಟ್ರೆ ನಂಗ್ ಕತ್ಲೆ ಆಯ್ತದೆ. ಗಾಡಿ ಬುಡಿ ಸಾ. ಗಾಡಿ ಓಡುದ್ರೇನೇ ನಂಗೆ ದಾರಿ ಕಾಣೋದು” ಎಂದ.

ಚಂದ್ರಶೇಖರ್ ಸಿಳ್ಳೆ ಬಾಯಿಂದ ತೆಗೆದ. “ಹಂಗಾದ್ರೆ ನಾನೇನ್ ಮಾಡ್ಲಪ್ಪ?”

“ದಿನಾ ಮಾಡ ಕೆಲ್ಸನೇ ಮಾಡಿ ಸಾ.”

ಚಂದ್ರಶೇಖರ್‌ಗೆ ಮೊದಲು ಸ್ವಲ್ಪ ಮುಖ ಸಣ್ಣಗಾಯಿತು. ಆಮೇಲೆ ಅರ್ಥವಾಗಿ ಇಷ್ಟಗಲ ಅರಳಿತು. ಚಿಕ್ಕಮಾದು ಕೋಲಿನಿಂದ ತಡವಿ ಕಟ್ಟೆಯ ಅಂಚಿಗೆ ವಾಪಸ್ ಬಂದು ನಿಂತ. ಪೊಲೀಸಪ್ಪ ಸಿಗ್ನಲ್ಲನ್ನು ಅದರ ಪಾಡಿಗೆ ಬಿಟ್ಟು, ತನ್ನ ಸಿಳ್ಳೆಯನ್ನೆಲ್ಲ ಜನರ ಕಡೆಗೆ ತಿರುಗಿಸಿದ. “ಹಿಂದಕ್ಕೆ! ಗಂಡಿನ ಮೈ ಯಾರೂ ಮುಟ್ಟಂಗಿಲ್ಲ! ಮುಟ್ಟಿದೋರಿಗೆ ದಂಡ! ಏ ಅಜ್ಜೀ, ನಿನಗೂ ಸೇರಿಸಿ ಹೇಳಿದ್ದು!”

“ಅಜ್ಜಿ ನಿಮ್ಮವ್ವ” ಎಂದಳು ಚಿಕ್ಕಮಾದಮ್ಮ. ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೆರಗಿನಲ್ಲಿ ಒಂದು ತೂತಿತ್ತು.

ಎಂಜಿನ್ನುಗಳು ಎದ್ದವು. ಮೈಸೂರು ರಸ್ತೆ ಹರಿಯಿತು, ಹರಿದು ಹರಿದು ನಿಂತಿತು. ಮುಂದೆ ಗುರ್ ಗುರ್. ಒಂದು ಉಸಿರು. ಬಲಕ್ಕೆ ಭರ್ ಎಂದು ಆಟೋಗಳು ಹೊರಟವು. ಗೋಡೆ ಎದ್ದು ನಿಂತಿತು, ಬೆಳ್ಳಗೆ ಸುಣ್ಣ ಬಳಿದ ಹಾಗೆ. ಚಿಕ್ಕಮಾದು ಇಳಿದ. ಕೋಲು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ಲಾರಿಯ ಮೂತಿಯ ಬಿಸಿ ಕೆನ್ನೆಗೆ ತಾಗಿತು, ಅಂದರೆ ಅರ್ಧ ಆಯಿತು. ಗೋಡೆ ಸ್ವಲ್ಪ ಹತ್ತಿರ ಬಂತು, ಇವನು ಸ್ವಲ್ಪ ಸರಿದ. ಇನ್ನೇನು ದಡ ಅನ್ನುವಾಗ ಎಡಗಡೆಯಿಂದ ಸದ್ದಲ್ಲದ ಒಂದು ಸದ್ದು: ಟೈರಿನ ಕೆಳಗೆ ಮರಳು ಸರಿಯುವಷ್ಟು. ಬೆಕ್ಕು! ಕೋಲು ಮುಂದೆ ಚಾಚಿ ಗಕ್ಕನೆ ನಿಂತ. ಬ್ಯಾಟರಿ ಸ್ಕೂಟರು ಕೀಚ್ ಎಂದು ಕೋಲಿನ ತುದಿಯಲ್ಲಿ ನಿಂತಿತು.

“ಏಯ್, ಕಣ್ ಕಾಣಕ್ಕಿಲ್ವೇನ್ಲಾ?” ಎಂದ ಸ್ಕೂಟರಿನವನು, ಅಭ್ಯಾಸಬಲದಿಂದ.

“ಇಲ್ಲ ಕಣಣ್ಣ” ಎಂದ ಚಿಕ್ಕಮಾದು. “ನಿಂಗೆ?”

ಎರಡೂ ದಡದ ಜನ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಎಲ್ಲಕ್ಕಿಂತ ಮೇಲೆ, ಹೆಡತಲೆಯ ಕೋಳಿಗಳನ್ನು ಎಬ್ಬಿಸಿದ ಆ ಒಂದು ನಗು ಇತ್ತು. ಇನ್ನು ದಾರಿ ಕೇಳುವುದೇನಿದೆ? ಕೋಲು ಬೇಕಿದ್ದರೆ ಅಲ್ಲೇ ಬಿಸಾಡಿ ಬರಬಹುದಿತ್ತು. ಬಿಸಾಡಲಿಲ್ಲ. ನಗು ಹಿಡಿದು, ಕೋಲೂ ಹಿಡಿದು, ಮೆಟ್ಟಿಲು ಹತ್ತಿ ಬಂದು ನಿಂತ.

“ಕೋಲು ಒಂದು, ಕಾಲು ಎರಡು” ಎಂದಳು ಶಾಂತಿ.

“ಕಾಫಿ?” ಎಂದ, ಏದುಸಿರು ಬಿಡುತ್ತ.

ಮುದ್ದಮ್ಮ ಲೋಟ ಕೈಗಿಟ್ಟಳು. ನಾಲಿಗೆ ಸುಡುವಷ್ಟು ಬಿಸಿಯಿತ್ತು. ಅವಳು ಅದನ್ನು ಆಗಿನಿಂದ ಮೂರು ಸಲ ಒಲೆಗಿಟ್ಟು ತಂದಿದ್ದಳು. ಗ್ಯಾಸಿನ ಲೈಟರು ಮೂರು ಸಲ ಟಕ್ ಅಂದದ್ದು ಶಾಂತಿಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಅವಳು ಈಗಲೂ ವಾದಿಸುತ್ತಾಳೆ.

“ಸಕ್ರೆ ಇನ್ನೊಂಚೂರು ಹಾಕ್ಲಾ?” ಎಂದಳು ಮುದ್ದಮ್ಮ.

“ಬ್ಯಾಡಿ” ಎಂದ. ಹೊಸ ಚಪ್ಪಲಿ ತಂದವನು ಮನೆಯೊಳಗೂ ಮೆಟ್ಟಿಕೊಂಡು ಓಡಾಡುವ ಹಾಗೆ.

ಶಾಂತಿ ಕೈ ಮುಂದೆ ಚಾಚಿದಳು. “ಈಗ ಹಿಡೀಬಹುದು. ರಸ್ತೆ ಮುಗೀತಲ್ಲ.”

ಈಗ ಅವರಿಬ್ಬರೂ ನರಸೀಪುರದಲ್ಲೇ ಇದ್ದಾರೆ. ಅವನು ಬೆಳಿಗ್ಗೆ ಬಸ್ಸು ಹಿಡಿದು ತಾಂಡ್ಯಕ್ಕೆ ಹೋಗುತ್ತಾನೆ, ಅವಳು ಫೈಲುಗಳನ್ನು ನಡೆಸಲು ಕಚೇರಿಗೆ. ಸಿಗ್ನಲ್‌ವರೆಗೆ ಒಟ್ಟಿಗೆ ಬರುತ್ತಾರೆ. ಇಬ್ಬರು ಒಟ್ಟಿಗಿರುವಾಗ ಯಾರೂ ದಾಟಿಸಲು ಬರುವುದಿಲ್ಲ. ನೋಡಿದವರು ಇವಳು ಅವನನ್ನು ದಾಟಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ, ಇಲ್ಲವೇ ಅವನು ಇವಳನ್ನು. ಎರಡು ಕೋಲು ಏಕೆ ಎಂದು ಕೇಳುವಷ್ಟು ಪುರುಸೊತ್ತು ನರಸೀಪುರದಲ್ಲಿ ಯಾರಿಗೂ ಇಲ್ಲ.

ಮೊನ್ನೆ ಚಿಕ್ಕಮಾದಮ್ಮ ಬಂದಿದ್ದಳು, ಈ ಸಲ ಹೆಡತಲೆಯವಳಾಗಿಯೇ. ಬಸ್ಸಿಳಿದು ಸಿಗ್ನಲ್ ಮುಂದೆ ನಿಂತು ಬೆವೆತಳು. ಹಳ್ಳಿಯ ಓಣಿ ಬಿಟ್ಟು ಬೇರೆ ರಸ್ತೆ ದಾಟಿ ಗೊತ್ತಿಲ್ಲ ಅವಳಿಗೆ. ಮೂರು ಸರದಿ ಹಸಿರು ಬಂತು, ಹೋಯಿತು. ಶಾಂತಿಯ ಜೊತೆ ಕರೆದುಕೊಂಡು ಹೋಗಲು ಬಂದಿದ್ದ ತಮ್ಮ ಪಕ್ಕದಲ್ಲಿ ನಿಂತು ಕೇಳಿದ: “ಅಕ್ಕಾ, ದಾಟುಸ್ಲಾ?”

ಅವಳು ಅವನ ತೋಳು ಹಿಡಿದಳು. ಆ ಕಡೆ ಶಾಂತಿ, ಈ ಕಡೆ ಚಿಕ್ಕಮಾದು, ನಡುವೆ ಅವಳು. ಗೋಡೆ ಎದ್ದಿತು, ನಡೆದರು, ದಡ ಸೇರಿದರು. ಅಲ್ಲಿ ನಿಂತಿದ್ದ ಹಣ್ಣು ಕೂದಲಿನ ಹೆಂಗಸೊಬ್ಬಳು ಇದನ್ನೆಲ್ಲ ನೋಡಿ ಕಣ್ಣೊರೆಸಿಕೊಂಡು ಚಿಕ್ಕಮಾದಮ್ಮನ ಎರಡೂ ಕೈ ಹಿಡಿದಳು.

“ಏನ್ ಪುಣ್ಯವಂತೆ ತಾಯಿ ನೀನು! ಒಂದೇ ಸಲಕ್ಕೆ ಇಬ್ರನ್ನ ದಾಟಿಸ್ಬುಟ್ಯಲ್ಲಾ! ನಿನ್ ಒಟ್ಟೆ ತಣ್ಣಗಿರ್ಲಿ” ಎಂದು ಮಡಿಲಿಗೆ ಎರಡು ರಸಬಾಳೆ ಇಟ್ಟಳು.

ಚಿಕ್ಕಮಾದಮ್ಮ ಗಂಭೀರವಾಗಿ ಹಣ್ಣನ್ನು ಸೆರಗಿಗೆ ಕಟ್ಟಿಕೊಂಡಳು.

“ಅಕ್ಕಾ!” ಎಂದ ಚಿಕ್ಕಮಾದು.

“ಸುಮ್ನಿರ್ಲಾ” ಎಂದಳು ಅವಳು. “ಅಷ್ಟ್ ಪಿರೀತಿಯಿಂದ ಕೊಡ್ತಾರೆ. ಬ್ಯಾಡ ಅನ್ನಕ್ಕಾಯ್ತದಾ?”